ತೋಳೆತ್ತುವ ಕೆಲಸ

ಐಬ್ರೋ ಮಾಡುವುದು ಕೈ ಕಟ್ಟಿಕೊಂಡು ಮಾಡುವ ಕೆಲಸವಲ್ಲ. ಒರಗು ಕುರ್ಚಿಯಲ್ಲಿ ಗಿರಾಕಿ ತಲೆ ಹಿಂದಕ್ಕೆ ಚೆಲ್ಲಿ ಕಣ್ಣು ಮುಚ್ಚಿರುತ್ತಾಳೆ. ಮಾಡುವವಳು ಆ ತಲೆಯ ಹಿಂದೆ ನಿಂತು, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಯ ಬೆರಳಿಗೆ ತಿರುಚಿಕೊಂಡು, ಮೊಣಕೈ ಎತ್ತಿ ಬಗ್ಗಬೇಕು. ಹಾಗೆ ಬಗ್ಗಿದಾಗ ಗಿರಾಕಿಯ ಮೂಗಿಗೂ ಇವಳ ಕಂಕುಳಿಗೂ ನಡುವೆ ಒಂದು ಗೇಣು ಜಾಗ ಉಳಿದರೆ ಹೆಚ್ಚು. ಪ್ರೇಮಲೀಲಾ ಈ ಕೆಲಸವನ್ನು ಹದಿನೆಂಟು ವರ್ಷದಿಂದ ಮಾಡುತ್ತಿದ್ದಾಳೆ, ಕುವೆಂಪುನಗರದ ಒಂದೇ ಪಾರ್ಲರಿನಲ್ಲಿ, ಒಂದೇ ಕುರ್ಚಿಯ ಹಿಂದೆ. ಆ ಒಂದು ಗೇಣಿನ ಭಯ ಅವಳನ್ನು ಹಿಡಿದದ್ದು ಮಾತ್ರ ಈ ವರ್ಷದ ಫೆಬ್ರವರಿಯಲ್ಲಿ.

ಅವತ್ತು ಬುಧವಾರ. ಪಾರ್ಲರಿನ ಒಡತಿ ಚಾಮುಂಡೇಶ್ವರಿ ಮೇಡಂ ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಎಂದಿನಂತೆ ಫೋನು ಹಿಡಿದು ಕೂತವರು ಹುಬ್ಬು ಗಂಟು ಹಾಕಿದರು.

"ಕೇಳಿ ಇಲ್ಲಿ, ಯಾರೋ ಪುಣ್ಯಾತ್ಗಿತ್ತಿ ರಿವ್ಯೂ ಹಾಕಿದ್ದಾಳೆ. ಎರಡೇ ಸ್ಟಾರ್. 'ಕೆಲಸ ನೀಟಾಗಿದೆ. ಆದರೆ ಐಬ್ರೋ ಮಾಡುವವರ ಹತ್ತಿರ ಬೆವರಿನ ವಾಸನೆ. ಉಸಿರು ಬಿಗಿಹಿಡಿದು ಕೂರಬೇಕಾಯಿತು.' ನೋಡಿದ್ರಾ?"

ಅಲ್ಲಿ ಇದ್ದದ್ದೇ ಮೂರು ಜನ. ಮೇಡಂ, ಪ್ರೇಮಲೀಲಾ, ಮತ್ತೆ ಕೆಲಸಕ್ಕೆ ಸೇರಿ ವರ್ಷವಾಗಿದ್ದ ಸಿಂಚನ ಎಂಬ ಹುಡುಗಿ. ರಶ್ಶು ಇದ್ದ ದಿನ ಮೂವರೂ ದಾರ ಹಿಡಿಯುವವರೇ.

"ಯಾರು ಅಂತ ನಾನು ಕೇಳಕ್ಕೆ ಹೋಗಲ್ಲ," ಎಂದರು ಮೇಡಂ. "ಎಲ್ರೂ ಸ್ವಲ್ಪ ನೋಡ್ಕೊಳಿ. ಇನ್ನೊಂದ್ಸಲ ಹಿಂಗೆ ಬಂತು ಅಂದ್ರೆ ನಾನು ಸುಮ್ನಿರಕ್ಕಾಗಲ್ಲ. ಯಾರನ್ನಾದ್ರೂ ಒಬ್ರನ್ನ ಬಿಡಿಸಬೇಕಾಗುತ್ತೆ."

"ನಾನಂತೂ ದಿನಾ ಎರಡ್ಸಲ ಸ್ನಾನ ಮಾಡ್ತೀನಪ್ಪ," ಎಂದು ಸಿಂಚನ ನಕ್ಕು ಕನ್ನಡಿ ಒರೆಸಲು ಹೋದಳು. ಅವಳಿಗೆ ಅದು ಅಲ್ಲಿಗೇ ಮುಗಿಯಿತು. ಪ್ರೇಮಲೀಲಾಗೆ ಅಲ್ಲಿಂದ ಶುರುವಾಯಿತು.

ಬೆವರದ ಮನುಷ್ಯರು ಯಾರಿದ್ದಾರೆ, ನೀವೇ ಹೇಳಿ. ಬೇಸಿಗೆ ಏರಿದರೆ ಮೈಸೂರಿನ ಅರಮನೆ ಮುಂದಿನ ಕಂಚಿನ ಹುಲಿಗಳೂ ಬೆವರಬೇಕು. ರಿವ್ಯೂ ಬರೆದ ಮಹಾತಾಯಿಯೇನು ಗುಲಾಬಿ ನೀರು ಬೆವರುತ್ತಾಳೆಯೇ? ಮೂವರಲ್ಲಿ ಯಾರದಾದರೂ ಇರಬಹುದಿತ್ತು. ಆದರೆ ಉಳಿದ ಇಬ್ಬರ ಹೆಸರು ಪ್ರೇಮಲೀಲಾಳ ತಲೆಗೆ ಬರಲೇ ಇಲ್ಲ. ತನ್ನದೇ ಎಂದು ಅವಳಿಗೆ ಆ ಗಳಿಗೆಯಲ್ಲೇ ಗೊತ್ತಾಗಿಹೋಯಿತು.

ಯಾಕೆಂದರೆ ಇದನ್ನು ಅವಳು ಒಂದು ಸಲ ಕೇಳಿಸಿಕೊಂಡವಳು. ನರಸೀಪುರದ ರಸ್ತೆಯ ಊರು, ನಾಲ್ಕನೇ ಕ್ಲಾಸು. ಮೇಷ್ಟರು ಕರ್ಚೀಫು ಮೂಗಿಗೆ ಹಿಡಿದು, ಇವಳನ್ನೂ ಇನ್ನಿಬ್ಬರು ಹುಡುಗಿಯರನ್ನೂ ಎಬ್ಬಿಸಿ, "ನೀವು ಬಾಗಿಲ ಹತ್ರ ಕೂತ್ಕೊಳಿ, ಗಾಳಿ ಆಡಲಿ," ಎಂದಿದ್ದರು. ಮೂವರೂ ಒಂದೇ ಕೇರಿಯವರು. ಮನೆಗೆ ಬಂದು ಅತ್ತದ್ದನ್ನು ನೋಡಿ ಅವ್ವ ಪುಟ್ಟಲಿಂಗಮ್ಮ ಸೀಗೆಪುಡಿ ಹಾಕಿ ಚರ್ಮ ಕಿತ್ತು ಬರುವ ಹಾಗೆ ತಿಕ್ಕಿದಳು. ಮಾರನೆಯ ದಿನವೂ ಮೇಷ್ಟರ ಕರ್ಚೀಫು ಮೂಗಿನ ಮೇಲೇ ಇತ್ತು. ಮೇಷ್ಟರ ತಲೆಯೇ ಕೊಳೆತಿದೆ ಎಂದು ಒಂಬತ್ತು ವರ್ಷದ ಹುಡುಗಿಗೆ ಹೇಗೆ ತಿಳಿಯಬೇಕು? ತನ್ನ ಮೈಯಲ್ಲಿ ಸೀಗೆಗೂ ಹೋಗದ ಏನೋ ಒಂದು ಇದೆ ಎಂದು ತಿಳಿದುಕೊಂಡಳು.

ಈಗ ಅವಳಿಗೆ ನಲವತ್ತೊಂದು. ಶ್ರೀರಾಂಪುರದಲ್ಲಿ ಎರಡು ರೂಮಿನ ಸ್ವಂತ ಮನೆ. ನಡುಮನೆಯ ಗೋಡೆಯಲ್ಲಿ ಬಾಬಾಸಾಹೇಬರು, ಪಕ್ಕದಲ್ಲಿ ಬುದ್ಧ. ಗಂಡ ಸಿದ್ದೇಶ್ ಫ್ಯಾಕ್ಟರಿ ಕೆಲಸ ಮುಗಿಸಿ ಬಂದು ಓದುವ ಅಭ್ಯಾಸದವನು, ಯಾರಿಗೂ ತಲೆ ತಗ್ಗಿಸದ ಗಂಡಸು. ಪಾರ್ಲರಿನಲ್ಲಿ ಮಾತ್ರ ಇವಳು ಶ್ರೀರಾಂಪುರದವಳು, ಅಷ್ಟೇ. ಯಾರಾದರೂ ಮುಂದಕ್ಕೆ ಕೇಳಿದರೆ ಏನು ಹೇಳಬೇಕೆಂದು ಹದಿನೆಂಟು ವರ್ಷದಿಂದ ಒಂದು ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದಾಳೆ. ಸಿಂಚನಳ ಹತ್ತಿರ ವಾಸನೆ ಬಂದರೆ ಅದು ಬೆವರು. ತನ್ನ ಹತ್ತಿರ ಬಂದರೆ ಅದು ಬೇರೆ ಮಾತಿಗೆ ದಾರಿಯಾಗುತ್ತದೆ, ಕುರ್ಚಿಯ ಜೊತೆಗೆ ಮರ್ಯಾದೆಯೂ ಹೋಗುತ್ತದೆ ಎಂಬುದೇ ಅವಳ ಹೆದರಿಕೆ.

ಆ ಸಾಯಂಕಾಲ ಮೇಡಂ ರೂಮ್ ಫ್ರೆಶ್ನರ್ ತಂದು ಗೋಡೆಗೆ ಚುಚ್ಚಿದರು. ಚುಚ್ಚಿದ್ದು ಪ್ರೇಮಲೀಲಾಳ ಕುರ್ಚಿಯ ಪಕ್ಕ. ಖಾಲಿ ಇದ್ದ ಪ್ಲಗ್ ಪಾಯಿಂಟು ಅದೊಂದೇ ಎಂಬುದು ನನಗೂ ನಿಮಗೂ ಹೊಳೆಯುತ್ತದೆ. ಅವಳಿಗೆ ಹೊಳೆಯಲಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ ಅದು 'ಪುಸ್' ಎಂದಾಗಲೆಲ್ಲ ಹಲ್ಲಿನಲ್ಲಿದ್ದ ದಾರ ಸಡಿಲವಾಗುತ್ತಿತ್ತು.

ಮಾರ್ಚ್ ಹೊತ್ತಿಗೆ ಲೋಕದ ಮೂಗುಗಳೆಲ್ಲ ಅವಳ ಮೇಲೆ ಕಣ್ಣಿಟ್ಟಿದ್ದವು. ಗಿರಾಕಿ ಫ್ಯಾನು ಜೋರು ಮಾಡಿ ಅಂದರೆ ತನಗೇ. ಮಾಸ್ಕು ಹಾಕಿಕೊಂಡು ಬಂದರೆ ತನಗೇ. ಯಾರೋ ಸೀನಿದರೂ ತನ್ನಿಂದಲೇ. ಸಿಟಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದನ್ನು ಬಿಟ್ಟಳು. ಬ್ರೇಕು ಹಾಕಿದಾಗ ಒಂದೆರಡು ಸಲ ಬಿದ್ದಳು ಕೂಡ, ಆದರೂ ಹಿಡಿಯಲಿಲ್ಲ. ಕೆಲಸದಲ್ಲಿ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡೇ ದಾರ ಎಳೆಯತೊಡಗಿದಳು. ಹಾಗೆ ಎಳೆದರೆ ಹುಬ್ಬು ನೆಟ್ಟಗೆ ಬರುತ್ತದೆಯೇ? ಹತ್ತು ವರ್ಷದಿಂದ ಬರುತ್ತಿದ್ದ ರಿಟೈರ್ಡ್ ಬ್ಯಾಂಕ್ ಮೇಡಂ ಒಬ್ಬರು ಕನ್ನಡಿ ನೋಡಿ, "ಯಾಕಮ್ಮಾ, ಕೈ ಸರಿ ಇಲ್ವಾ?" ಎಂದರು. ಅದನ್ನು ಚಾಮುಂಡೇಶ್ವರಿ ಮೇಡಂ ಕೇಳಿಸಿಕೊಂಡರು. ಕುರ್ಚಿ ಹೋಗುವುದಕ್ಕೆ ಈಗ ಎರಡು ದಾರಿಯಾದವು.

ಯಾರನ್ನಾದರೂ ಕೇಳಬಹುದಿತ್ತು. ಆದರೆ ಯಾರನ್ನು? ಸಿದ್ದೇಶ್‌ಗೆ ಕೊರೋನಾ ಬಂದು ಹೋದಾಗಿನಿಂದ ಮೂಗು ಕೈಕೊಟ್ಟಿದೆ. ಹಲಸಿನಹಣ್ಣಿಗೂ ಸೀಮೆಎಣ್ಣೆಗೂ ವ್ಯತ್ಯಾಸ ತಿಳಿಯದು. ಒಂದು ಸಲ ಒಲೆ ಆರಿ ಗ್ಯಾಸು ಮನೆಯೆಲ್ಲ ತುಂಬಿದ್ದರೂ ಅಲ್ಲೇ ಕೂತು ಪೇಪರು ಓದುತ್ತಿದ್ದ ಪುಣ್ಯಾತ್ಮ. ಮೈಸೂರಿನಲ್ಲಿ ಇವಳು ನಾಚಿಕೆಯಿಲ್ಲದೆ ಕೇಳಬಹುದಾಗಿದ್ದ ಒಬ್ಬನೇ ಮನುಷ್ಯನಿಗೆ ಮೂಗೇ ಇಲ್ಲ. ಮಗಳನ್ನು ಕೇಳುವುದೆಂದರೆ ಸಾಯುವುದೇ ಮೇಲು ಅನ್ನಿಸಿತು.

ಹಾಗಾಗಿ ಕೇಳದೆಯೇ ಔಷಧಿ ಶುರುಮಾಡಿದಳು. ಮೊದಲು ರೋಲ್ ಆನ್. ಆಮೇಲೆ ಪಟಿಕ. ಆಮೇಲೆ ನಿಂಬೆಹಣ್ಣು. ಅದೂ ಸಾಲದೆಂದು ಅಡುಗೆ ಸೋಡ. ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇದ್ದದ್ದು ಸ್ಪಿರಿಟ್ಟಿನ ಮೇಲೆ. ಪಾರ್ಲರಿನಲ್ಲಿ ಕತ್ತರಿ, ಚಿಮಟ, ಬಾಚಣಿಗೆ, ಬೆರಳು, ಎಲ್ಲಕ್ಕೂ ಅದೇ. ಒಬ್ಬ ಗಿರಾಕಿ ಎದ್ದು ಇನ್ನೊಬ್ಬಳು ಕೂರುವುದರೊಳಗೆ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸುವುದರಲ್ಲಿ ಪ್ರೇಮಲೀಲಾಳಷ್ಟು ಶಿಸ್ತಿನವಳು ಇನ್ನೊಬ್ಬಳಿಲ್ಲ. ಈಗ ಅದೇ ಹತ್ತಿಯನ್ನು ಬಾತ್‌ರೂಮಿಗೂ ಒಯ್ದು ಕಂಕುಳು ಒರೆಸಿಕೊಳ್ಳತೊಡಗಿದಳು, ದಿನಕ್ಕೆ ಏಳೆಂಟು ಸಲ. ಉರಿಯುತ್ತಿತ್ತು. ಉರಿದಷ್ಟೂ ಹೊತ್ತು ಭಯ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಿತ್ತು.

ತಿಂಗಳೊಳಗೆ ಚರ್ಮ ಕಪ್ಪಾಗಿ, ಬಿರಿದು, ನೀರು ಒಸರತೊಡಗಿತು. ಒಂದು ಭಾನುವಾರ ಹಿತ್ತಲ ತಂತಿಗೆ ಬಟ್ಟೆ ಹಾಕಲು ಕೈ ಎತ್ತಿದವಳು "ಅಯ್ಯೋ" ಎಂದು ಕುಸಿದು ಕೂತದ್ದನ್ನು ಮಗಳು ಪ್ರೀತಿ ನೋಡಿಬಿಟ್ಟಳು. ಪ್ರೀತಿ ಬಿ.ಎಸ್ಸಿ. ಎರಡನೇ ವರ್ಷ, ಮೈಕ್ರೋಬಯಾಲಜಿ. ಬಲವಂತವಾಗಿ ತೋಳು ಎತ್ತಿಸಿ ನೋಡಿದಳು.

"ಅಮ್ಮಾ! ಏನಿದು? ಯಾರು ಸುಟ್ರು?"

"ಯಾರೂ ಇಲ್ಲ ಬುಡು. ಸೆಕೆಗೆ ಆಗದೆ."

"ಸೆಕೆಗೆ ಹಿಂಗಾಗಲ್ಲ. ನಿಜ ಹೇಳು."

ಹೇಳಿದಳು. ರಿವ್ಯೂ, ಫ್ರೆಶ್ನರ್, ಸೋಡ, ಎಲ್ಲ. ಹೇಳುವಾಗ ಮಗಳ ಮುಖ ನೋಡದೆ ಬಕೆಟ್ಟಿನ ನೀರನ್ನೇ ನೋಡುತ್ತಿದ್ದಳು. ಪ್ರೀತಿ ಬೈಯಲಿಲ್ಲ, ಅದೇ ಪುಣ್ಯ. ತಾಯಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತು ಪಾಠ ಹೇಳುವವಳ ಹಾಗೆ ಶುರುಮಾಡಿದಳು.

"ಬೆವರಿಗೆ ವಾಸ್ನೆ ಇಲ್ಲಮ್ಮ. ಕಂಕುಳಲ್ಲಿ ಬ್ಯಾಕ್ಟೀರಿಯಾ ಇರ್ತವೆ, ಅವು ಬೆವರನ್ನ ತಿಂದು ವಾಸ್ನೆ ಬಿಡ್ತವೆ. ಎಲ್ರಿಗೂ ಇರ್ತವೆ. ನಿನಗೂ, ನನಗೂ, ನಿಮ್ಮ ಮೇಡಂಗೂ. ಅದ್ರಲ್ಲಿ ಕೆಲವು ಜೋರಾಗಿ ವಾಸ್ನೆ ಮಾಡ್ತವೆ, ಕೆಲವು ಸಾಧು. ನೀನು ಹಿಂಗೆ ಸುಟ್ಟು ಸುಟ್ಟು ಹಾಕಿದ್ರೆ ಸಾಧುಗಳು ಮೊದಲು ಸಾಯಬಹುದು, ಒರಟು ಮುಂಡೇವು ಉಳ್ಕೊಳ್ಳಬಹುದು."

"ಅದುಕ್ಕೇನ್ ಮಾಡದು ಈಗ?"

"ಸಾಧುಗಳ್ನ ವಾಪಸ್ ಬಿಡೋದು. ಪ್ರೋಬಯಾಟಿಕ್ ಅಂತ ಸ್ಪ್ರೇ ಬಂದಿದೆ, ಕಂಕುಳಿಗೆ ಹಾಕ್ಕೊಳೋದು. ಹಾಲಿಗೆ ಹೆಪ್ಪು ಹಾಕ್ತೀಯಲ್ಲ, ಹಂಗೆ."

ಪ್ರೇಮಲೀಲಾ ಮಗಳನ್ನು ದಿಟ್ಟಿಸಿದಳು. "ಹುಳ ಬುಟ್ಕೋ ಅಂತೀಯಾ ಮೈಮೇಲೆ? ನಾಕ್ ಜನ ಮೂಗಿಟ್ಕಂಡು ಕೂರೋ ಜಾಗಕ್ಕೆ?"

"ಹುಳ ಅಲ್ಲ ಕಣಮ್ಮ."

ಬೆಳಿಗ್ಗೆಯಿಂದ ಸಂಜೆವರೆಗೆ ಕ್ರಿಮಿ ಕೊಲ್ಲುವುದನ್ನೇ ಕಾಯಕ ಮಾಡಿಕೊಂಡವಳಿಗೆ ಬೇಕೆಂದೇ ಕ್ರಿಮಿ ಸಾಕು ಎಂದರೆ ಹೇಗಾಗಬೇಡ? ಹೆದರಿಕೆ ಕಮ್ಮಿಯಾಗುವುದಿರಲಿ, ಇನ್ನೊಂದು ಸೇರಿಕೊಂಡಿತು. ಪ್ರೀತಿ ಬಿಡದೆ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಸೋಡದ ವಿಷಯ ಕೇಳಿ ಚೆನ್ನಾಗಿ ಬೈದು, ಗಾಯಕ್ಕೆ ಮುಲಾಮು ಬರೆದುಕೊಟ್ಟರು. ಸ್ಪ್ರೇ ಬಗ್ಗೆ ಕೇಳಿದ್ದಕ್ಕೆ, "ಗಾಯ ಪೂರ್ತಿ ಮಾದ ಮೇಲೆ ಬೇಕಾದ್ರೆ ಹಾಕ್ಕೊಳಿ. ಸಣ್ಣಪುಟ್ಟ ಪ್ರಯೋಗ ಆಗಿವೆ. ಕೆಲವರಿಗೆ ವಾಸನೆ ಕಮ್ಮಿ ಆಗಿದೆ, ಎಲ್ಲರಿಗೂ ಆಗುತ್ತೆ ಅಂತ ನಾನು ಹೇಳಲ್ಲ. ಪವಾಡ ಏನಲ್ಲ," ಎಂದರು. ಪವಾಡ ಅಲ್ಲ ಎಂಬ ಮಾತೊಂದೇ ಪ್ರೇಮಲೀಲಾಳ ಕಿವಿಯಲ್ಲಿ ಉಳಿಯಿತು.

ಗಾಯ ಮಾದ ಮೇಲೆ ಬಾಟಲಿ ಬಂತು, ಬೆರಳುದ್ದದ್ದು. ಅದನ್ನು ಫ್ರಿಜ್ಜಿನಲ್ಲಿ ಇಡಬೇಕು. ದೋಸೆ ಹಿಟ್ಟಿನ ಪಕ್ಕದಲ್ಲಿ ಅದು ಕೂತದ್ದನ್ನು ನೋಡಿ ಸಿದ್ದೇಶ್ ಕಣ್ಣಿನ ಔಷಧಿಯೇ ಎಂದು ಕೇಳಿದ. ಅಲ್ಲ ಎಂದಳು, ಅಷ್ಟೇ. ಪ್ರೀತಿಯ ಕಟ್ಟಳೆಗಳು ಎರಡು: ಅಲ್ಲಿಗೆ ಸೋಪು ಬೇಡ, ಬರೀ ನೀರು. ಡಿಯೋಡ್ರೆಂಟು ಬೇಡ. ದಿನಾ ಬೆಳಿಗ್ಗೆ ಎರಡೆರಡು ಸಲ ಸಿಂಪಡಿಸಿ, ಆರಿದ ಮೇಲೆ ರವಿಕೆ. ತಣ್ಣಗಿನ ಹನಿ ಬಿದ್ದಾಗಲೆಲ್ಲ ಅವಳಿಗೆ ಮೈ ಝುಮ್ಮೆನ್ನುತ್ತಿತ್ತು. ಕಾಣದ ಸಾವಿರ ಜೀವ ತನ್ನ ಮೇಲೆ ಓಡಾಡಲು ಬಿಟ್ಟು ಬಸ್ಸು ಹತ್ತುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು.

ಎರಡು ವಾರ ಕಳೆಯಿತು, ಮೂರು ಕಳೆಯಿತು. ಸಂಜೆ ರವಿಕೆ ಬಿಚ್ಚಿ ಮೂಸಿದರೆ ಅದೇ ಹುಳಿ, ಅದೇ ಕಮಟು. ಇದೂ ಕೈಬಿಟ್ಟಿತು, ಸೀಗೆಗೂ ಹೋಗದ್ದು ಇದಕ್ಕೆ ಹೋಗುತ್ತದೆಯೇ ಎಂದು ಬಚ್ಚಲಲ್ಲಿ ನಿಂತು ಅತ್ತಳು. ಆ ಮಧ್ಯೆ ಮೇಡಂ ಒಂದು ದಿನ ಫೋನಿನಲ್ಲಿ ಯಾರಿಗೋ, "ಒಳ್ಳೆ ಹುಡುಗಿ ಇದ್ರೆ ಹೇಳಿ, ಒಬ್ರು ಬೇಕಾಗಬಹುದು," ಎಂದದ್ದು ಕಿವಿಗೆ ಬಿತ್ತು. ಅವತ್ತು ಊಟದ ಡಬ್ಬಿ ತೆಗೆಯಲೇ ಇಲ್ಲ.

ಬಟ್ಟೆ ನೆನೆಹಾಕುತ್ತಿದ್ದ ಪ್ರೀತಿಗೆ ಸಿಕ್ಕಿತು ಮೂಲ.

"ಅಮ್ಮಾ, ನಿನ್ನ ಬ್ಲೌಸೆಲ್ಲ ಆಸ್ಪತ್ರೆ ವಾಸ್ನೆ. ಇನ್ನೂ ಸ್ಪಿರಿಟ್ ಹಾಕ್ಕೋತಿದ್ದೀಯಾ?"

"ಊಂ. ಅದು ಹಾಕ್ಕಂಡೇ ಹಾಕ್ಕೋತೀನಿ. ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲಮ್ಮ!"

"ನೀನು ಸೋಪ್ ಬ್ಯಾಡ ಅಂದೆ, ಬುಟ್ಟೆ. ಡಿಯೋಡ್ರೆಂಟ್ ಬ್ಯಾಡ ಅಂದೆ, ಬುಟ್ಟೆ. ಸ್ಪಿರಿಟ್ ಬ್ಯಾಡ ಅಂತ ನೀನ್ ಹೇಳೇ ಇಲ್ವಲ್ಲ. ಒರೆಸಿಕೊಳ್ದೆ ಎಂಗಿರದು?"

ಅವಳ ತಪ್ಪಲ್ಲ ಅದು. ಹದಿನೆಂಟು ವರ್ಷ ಪಾರ್ಲರಿನಲ್ಲಿ ನಿಂತವಳಿಗೆ ಸ್ಪಿರಿಟ್ ಒಂದು ವಸ್ತುವೇ ಅಲ್ಲ. ಬೇರೆಯವರಿಗೆ ಕೈ ತೊಳೆಯುವುದು ಹೇಗೋ ಅವಳಿಗೆ ಅದು ಹಾಗೆ. ಬೆಳಿಗ್ಗೆ ಏಳಕ್ಕೆ ಹೆಪ್ಪು ಹಾಕಿ, ಹತ್ತು ಗಂಟೆಗೆ ಅದರ ಮೇಲೆ ಕುದಿನೀರು ಸುರಿಯುತ್ತಿದ್ದಳು, ದಿನಾ, ಶ್ರದ್ಧೆಯಿಂದ. ಪ್ರೀತಿಗೆ ಮೊದಲು ನಗು ಬಂತು. ತಾಯಿಯ ಮುಖ ನೋಡಿ ನಿಂತುಹೋಯಿತು.

"ಇನ್ನೊಂದು ಬಾಟ್ಲಿ ತರಿಸ್ತೀನಿ. ಆದ್ರೆ ಸ್ಪಿರಿಟ್ ಅಲ್ಲಿಗೆ ತಾಕಿಸ್ಬಾರ್ದು. ಕೈಗೆ ಹಾಕ್ಕೋ, ಕತ್ತರಿಗೆ ಹಾಕು. ಅಲ್ಲಿಗೆ ಬೇಡ. ನನ್ನಾಣೆ."

ಮಗಳ ಆಣೆ ಬಿತ್ತು. ಸ್ಪಿರಿಟ್ ಇಲ್ಲದ ಮೊದಲ ದಿನ ಇದೆಯಲ್ಲ, ಅದನ್ನು ಅವಳು ಹೇಗೆ ಕಳೆದಳೋ. ಬೆಳಿಗ್ಗೆ ಹನ್ನೊಂದಕ್ಕೇ ರವಿಕೆ ಒದ್ದೆ. ಗಿರಾಕಿ ಕಣ್ಣು ಮುಚ್ಚಿ ಕೂತರೆ ಸಾಕು, ಆ ಮೂಗಿನ ಹೊಳ್ಳೆ ಅರಳಿತೇ, ಮುದುಡಿತೇ ಎಂದೇ ಕಣ್ಣು. ಕೈ ತಾನಾಗಿಯೇ ಹತ್ತಿಯ ಡಬ್ಬಿಗೆ ಹೋಗುತ್ತಿತ್ತು, ಆಣೆ ನೆನಪಾಗಿ ವಾಪಸು ಬರುತ್ತಿತ್ತು. ಬಾತ್‌ರೂಮಿಗೆ ಹೋಗಿ ಬರೀ ನೀರು ಹಾಕಿಕೊಂಡು, ಗೋಡೆಗೆ ಒರಗಿ ನಿಂತು, ಉಸಿರು ಎಣಿಸಿಕೊಂಡು ಹೊರಗೆ ಬರುತ್ತಿದ್ದಳು. ಎರಡನೇ ದಿನವೂ ಹಾಗೆ, ಹತ್ತನೇ ದಿನವೂ ಹಾಗೆಯೇ. ಸಂಜೆಯ ರವಿಕೆಯಲ್ಲಿ ಕಮಟು ಸ್ವಲ್ಪ ತಗ್ಗಿದ ಹಾಗೆ ಅನ್ನಿಸುತ್ತಿತ್ತು. ಆದರೆ ಹೆದರಿದವರು ತಮ್ಮ ಮೂಗನ್ನು ತಾವು ನಂಬುವುದಿಲ್ಲ. ಅಭ್ಯಾಸವಾಗಿ ಗೊತ್ತಾಗುತ್ತಿಲ್ಲ ಅಷ್ಟೇ ಎಂದುಕೊಂಡಳು.

ಹನ್ನೆರಡನೇ ದಿನ ಬನ್ನಿಮಂಟಪದ ಒಂದು ಕಲ್ಯಾಣ ಮಂಟಪದಲ್ಲಿ ರಿಸೆಪ್ಶನ್ ಮೇಕಪ್ಪು. ಯಾವಾಗಲೂ ಮೇಡಂ ತಾವೇ ಹೋಗುವವರು, ಅವತ್ತು ಜ್ವರ ಬಂದು ಮಲಗಿದ್ದರು. ಸಿಂಚನಳಿಗೆ ಮದುವಣಗಿತ್ತಿಯ ಮೇಕಪ್ಪು ಇನ್ನೂ ಕೈಗೆ ಹತ್ತಿರಲಿಲ್ಲ.

"ಪ್ರೇಮಾ, ನೀವೇ ಹೋಗಿ," ಎಂದರು ಮೇಡಂ ಫೋನಿನಲ್ಲಿ. "ದೊಡ್ಡ ಮನೆಯವರು, ಅವರಿಂದ ಇನ್ನೂ ನಾಲ್ಕು ಮನೆ ಸಿಗುತ್ತೆ. ಒಂದು ಮಾತು ಬರಬಾರದು ನೋಡಿ. ಬಂದ್ರೆ ಆಮೇಲೆ ನನ್ನನ್ನ ಅನ್ಬೇಡಿ."

ಏಪ್ರಿಲ್ ಕೊನೆಯ ಮಧ್ಯಾಹ್ನ ಮೂರು ಗಂಟೆ. ವಧುವಿನ ರೂಮಿಗೆ ಒಂದೇ ಕಿಟಕಿ, ಅದಕ್ಕೂ ಅಡ್ಡವಾಗಿ ಪೆಂಡಾಲಿನ ಬಟ್ಟೆ. ಇವಳು ಹೋಗಿ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಜನರೇಟರು ಹಾಲಿಗೆ, ಸ್ಟೇಜಿಗೆ ಮಾತ್ರ. ಪ್ರೇಮಲೀಲಾ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡಳು. ಬ್ರಶ್ಶು ಒರೆಸಲು ತಂದಿದ್ದ ಸ್ಪಿರಿಟ್ ಬಾಟಲಿ ಅವಳ ಕೈಯಲ್ಲಿತ್ತು. ಹತ್ತಿಗೆ ಸುರಿದಳು. ಸೆರಗು ಸರಿಸಿದಳು. ಮಗಳ ಮೇಲಿನ ಆಣೆ ನೆನಪಿತ್ತು, ಒಂದೇ ಒಂದು ಸಲಕ್ಕೆ ಏನಾಗುತ್ತದೆ ಎಂದೂ ಅನ್ನಿಸಿತ್ತು. ಧೈರ್ಯ ಮಾಡಿ ಎಸೆದುಬಿಟ್ಟಳು ಎಂದು ಬರೆಯಲು ನನಗೂ ಆಸೆಯೇ. ಆದದ್ದು ಹಾಗಲ್ಲ. ಯಾರೋ ಬಾಗಿಲು ಬಡಿದು, "ಮೇಕಪ್ ಆಂಟಿ, ಟೈಮಾಯ್ತು ಬನ್ನಿ," ಎಂದು ಕೂಗಿದರು. ಬೆಚ್ಚಿದ ಕೈಯಿಂದ ಹತ್ತಿ ಒದ್ದೆ ನೆಲಕ್ಕೆ ಬಿತ್ತು. ಹಾಗೇ ಹೊರಗೆ ಬಂದಳು.

ಹುಡುಗಿಯ ಹೆಸರು ಚೈತನ್ಯ. ಇಪ್ಪತ್ತಾರೋ ಇಪ್ಪತ್ತೇಳೋ. ಅಪ್ಪನಿಗೆ ಊರಲ್ಲಿ ಎರಡು ಪೆಟ್ರೋಲ್ ಬಂಕು. ಸುತ್ತ ಇದ್ದ ಹೆಂಗಸರೆಲ್ಲ ಸೆಕೆ ತಡೆಯಲಾರದೆ ಒಬ್ಬೊಬ್ಬರಾಗಿ ಹಾಲಿನ ಫ್ಯಾನಿಗೆ ಹೋದರು. ರೂಮಿನಲ್ಲಿ ಇಬ್ಬರೇ ಉಳಿದರು. ಪ್ರೇಮಲೀಲಾ ಮುಖಕ್ಕೆ ಮೊದಲ ಕ್ರೀಮು ಹಚ್ಚಿ, ಸರಿಮಾಡಲು ಬಗ್ಗಿದಳು. ಚೈತನ್ಯ ಮುಖವನ್ನು ಆ ಕಡೆಗೆ ತಿರುಗಿಸಿದಳು.

ಏನೋ ಆಕಸ್ಮಿಕ ಇರಬೇಕು ಎಂದುಕೊಂಡು, ಮೆಲ್ಲಗೆ ಗಲ್ಲ ಹಿಡಿದು ಈ ಕಡೆ ತಂದಳು. ಬಲಗಣ್ಣಿನ ಕೆಲಸ ಮುಗಿಯಿತು. ಎಡಗಣ್ಣಿಗೆಂದು ತೋಳು ದಾಟಿಸಿ ಬಗ್ಗಿದಾಗ ಹುಡುಗಿ ಮತ್ತೆ ಮುಖ ತಿರುಗಿಸಿ, ಉಸಿರು ಬಿಗಿಹಿಡಿದಳು. ಈ ಸಲ ಅನುಮಾನವೇ ಇರಲಿಲ್ಲ. ಪ್ರೇಮಲೀಲಾಗೆ ಬೆನ್ನ ಮೇಲೆ ಬೆವರು ಇಳಿಯುವುದು ಗೊತ್ತಾಗುತ್ತಿತ್ತು. ಹೋಯಿತು, ಕುರ್ಚಿ ಹೋಯಿತು, ನಾಳೆ ಮೇಡಂ ಕರೆದು ಕೂರಿಸಿ ಹೇಳುತ್ತಾರೆ ಎಂದು ಕಣ್ಣಿಗೆ ಕಟ್ಟಿತು.

"ಆಂಟಿ, ಒಂದ್ನಿಮಿಷ ನಿಲ್ಸಿ," ಎಂದಳು ಚೈತನ್ಯ.

ನಿಲ್ಲಿಸಿದಳು.

"ಬಾಗಿಲು ಹಾಕಿ."

ಹಾಕಿ ಬಂದು, ಶಿಕ್ಷೆ ಕೇಳಲು ನಿಂತವಳ ಹಾಗೆ ಕೈ ಕಟ್ಟಿ ನಿಂತಳು. ಹುಡುಗಿ ಎರಡೂ ತೋಳುಗಳನ್ನು ಪಕ್ಕೆಗೆ ಬಿಗಿಯಾಗಿ ಒತ್ತಿಕೊಂಡು ಕೂತಿದ್ದಳು. ಅದು ಪ್ರೇಮಲೀಲಾಳ ಕಣ್ಣಿಗೆ ಬಿದ್ದದ್ದೇ ಆಗ.

"ನಿಜ ಹೇಳ್ತೀರಾ? ಬೇಜಾರ್ ಮಾಡ್ಕೊಳಲ್ಲ ನಾನು. ನನ್ನ ಹತ್ರ ವಾಸ್ನೆ ಬರ್ತಿದ್ಯಾ?"

ಪ್ರೇಮಲೀಲಾ ಕಟ್ಟಿದ್ದ ಕೈ ಬಿಟ್ಟಳು.

"ನಿಶ್ಚಿತಾರ್ಥದ ದಿನ ಅವರ ಅಕ್ಕ ನನ್ನ ಪಕ್ಕ ಕೂತಿದ್ದೋರು ಎದ್ದು ಆ ಕಡೆ ಹೋಗ್ಬಿಟ್ರು. ಅವತ್ತಿಂದ ನನಗೆ ನಿದ್ದೆ ಇಲ್ಲ ಆಂಟಿ. ಅಮ್ಮನ್ನ ಕೇಳಿದ್ರೆ ಹುಚ್ಚೀ ಅಂತಾಳೆ. ಯಾರೂ ನಿಜ ಹೇಳಲ್ಲ. ನೀವು ಹತ್ತಿರ ಬಂದಾಗ್ಲೆಲ್ಲ ನನಗೆ ಭಯ ಆಗ್ತಿದೆ, ನಿಮಗೆ ಗೊತ್ತಾಗ್ಬಿಡುತ್ತೆ ಅಂತ."

"ಛೆ ಛೆ, ಏನೂ ಇಲ್ಲ ಬಿಡಿ ಮೇಡಂ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಯಾರಾದರೂ ಹೇಳುವುದು ಅದನ್ನೇ. ಆದರೆ ಹಾಗೆ ಹೇಳಿದರೆ ಈ ಹುಡುಗಿ ನಂಬುವುದಿಲ್ಲ, ಮನೆಗೆ ಹೋಗಿ ನಿಂಬೆಹಣ್ಣು ಹಿಡಿಯುತ್ತಾಳೆ, ಆಮೇಲೆ ಸೋಡ ಹಿಡಿಯುತ್ತಾಳೆ. ಅದು ಪ್ರೇಮಲೀಲಾಳಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಬ್ರಶ್ಶು ಪಕ್ಕಕ್ಕಿಟ್ಟು, "ತೋಳೆತ್ತಿ," ಎಂದಳು. ಬಗ್ಗಿ, ಅವಸರವಿಲ್ಲದೆ ಮೂಸಿ ನೋಡಿದಳು.

"ಬರ್ತದೆ ಕಣಮ್ಮ," ಎಂದಳು. "ಸ್ವಲ್ಪ. ಸೆಕೆಗೆ, ಹೆದರಿಕೆಗೆ. ಇಷ್ಟು ಹತ್ರ ಬಂದ್ರೆ ಗೊತ್ತಾಗ್ತದೆ. ಸ್ಟೇಜ್ ಮೇಲೆ ಒಬ್ರಿಗೂ ಗೊತ್ತಾಗಲ್ಲ."

ಚೈತನ್ಯ ದೊಡ್ಡದೊಂದು ಉಸಿರು ಬಿಟ್ಟಳು. "ಅಷ್ಟೇನಾ? ನಿಜವಾಗ್ಲೂ?"

"ನಿಜವಾಗ್ಲೂ. ಬನ್ನಿ, ನೀರಲ್ಲಿ ಒರೆಸ್ತೀನಿ. ಬ್ಲೌಸ್ ಒಳಗೆ ಎರಡು ಮೆತ್ತನೆ ಬಟ್ಟೆ ಇಡ್ತೀನಿ. ಸೆಂಟು ಗಿಂಟು ಬ್ಯಾಡ ಮೇಲೆ."

ಒದ್ದೆ ಟವೆಲಿನಿಂದ ಒರೆಸಿ, ಒಣಗಿಸಿ, ಬಟ್ಟೆ ಮಡಿಸಿ ಇಟ್ಟಳು. ಹುಡುಗಿಯ ತೋಳುಗಳು ಈಗ ಸಡಿಲವಾಗಿದ್ದವು, ಮುಖಕ್ಕೆ ಬಣ್ಣವೂ ಬಂದಿತ್ತು. ಪ್ರೇಮಲೀಲಾ ಬ್ರಶ್ಶು ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ಈಗ ಕೇಳದಿದ್ದರೆ ಸಾಯುವವರೆಗೂ ಕೇಳಲಾರೆ ಎಂದು ಅವಳಿಗೆ ತಿಳಿದುಹೋಗಿತ್ತು.

"ಚೈತನ್ಯಮ್ಮ, ನೀವೂ ನನಗೊಂದು ನಿಜ ಹೇಳ್ಬೇಕು."

"ಏನಾಂಟಿ?"

ಪ್ರೇಮಲೀಲಾ ಸುಮ್ಮನೆ ಬಲತೋಳನ್ನು ಎತ್ತಿ, ಕಣ್ಣು ಮುಚ್ಚಿಕೊಂಡಳು. ಒಂದು ಗಳಿಗೆ ಹುಡುಗಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅವಳು ನಗಲಿಲ್ಲ. ಜರಿ ಸೀರೆ ಸರಿಪಡಿಸಿಕೊಂಡು ಎದ್ದು, ಮೂಗು ಹತ್ತಿರ ತಂದು, ಸಾರಿಗೆ ಉಪ್ಪು ಸಾಕೇ ಎಂದು ನೋಡುವವರ ಹಾಗೆ ಗಮನವಿಟ್ಟು ನೋಡಿದಳು.

"ಬರ್ತಿದೆ ಆಂಟಿ," ಎಂದಳು. "ನಂದಕ್ಕಿಂತ ಕಮ್ಮಿ."

"ಇನ್ನೇನಾದ್ರೂ?"

"ಇನ್ನೇನು? ಬೆವರು. ಅಷ್ಟೇ."

ಪ್ರೇಮಲೀಲಾ ಮಂಚದ ಅಂಚಿಗೆ ಕೂತುಬಿಟ್ಟಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅಳತೊಡಗಿದಳು. ಹೊರಗಿನಿಂದ ಯಾರೋ ಬಾಗಿಲು ತಟ್ಟಿ, ಹುಡುಗಿ ರೆಡಿಯಾದಳೇ ಎಂದು ಕೇಳುತ್ತಿದ್ದರು. ಒಂದು ಕಣ್ಣಿಗೆ ಮಾತ್ರ ಕಾಡಿಗೆ ಹಚ್ಚಿಸಿಕೊಂಡಿದ್ದ ಚೈತನ್ಯ ಅವಳ ಹೆಗಲು ಹಿಡಿದು, "ಅಳ್ಬೇಡಿ ಆಂಟಿ, ನೀವು ಅತ್ರೆ ನಾನೂ ಅಳ್ತೀನಿ, ಮೇಕಪ್ಪೆಲ್ಲ ಹೋಗುತ್ತೆ," ಎಂದು ಬೇಡಿಕೊಳ್ಳುತ್ತಿದ್ದಳು. ಪ್ರೇಮಲೀಲಾಗೆ ನಿಲ್ಲಿಸಲು ಆಗಲಿಲ್ಲ.